ಕಥೆ ಬರೆದಾಯ್ತು, ಮೊದಲು ಎಲ್ಲಿಗೆ ಕೊಡೋಣ? ಸ್ವತಂತ್ರ ಕಥೆಗಾರರಿಗೊಂದು ಹೋಲಿಕೆ

ಕೈಯಲ್ಲಿ ಎಂಟು ಹತ್ತು ಕಥೆಗಳಿವೆ. ಬೆನ್ನಿಗೆ ಪ್ರಕಾಶಕರಿಲ್ಲ. ಜೊತೆಯಲ್ಲಿ ಬರೆಯುವ ಮೂರ್ನಾಲ್ಕು ಗೆಳೆಯರಿದ್ದಾರೆ, ಅವರದ್ದೂ ಓದುಗರಿಗೆ ಮುಟ್ಟಲಿ ಎಂಬ ಆಸೆ ಬೇರೆ. ಮಯೂರದಂಥ ಮಾಸಿಕಕ್ಕೆ ಕಳಿಸಿ ಕಾಯಬೇಕೋ, ಪ್ರತಿಲಿಪಿ ಎಂಬ ಆನ್‌ಲೈನ್ ಕಥಾವೇದಿಕೆಗೆ ಹಾಕಿಬಿಡಬೇಕೋ, ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಕೋ, ಕೈಯಿಂದ ದುಡ್ಡು ಹಾಕಿ ಪುಸ್ತಕ ಮಾಡಬೇಕೋ? ಹೊಸದಾಗಿ ಬರೆಯುವವರು ಸಿಕ್ಕಾಗೆಲ್ಲ ಕೇಳುವ ಪ್ರಶ್ನೆ ಇದು. ಒಂದಷ್ಟು ವರ್ಷ ಬರೆದವರೂ ಕೇಳುತ್ತಾರೆ, ಸ್ವಲ್ಪ ದನಿ ತಗ್ಗಿಸಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ದಾರಿಗಳಲ್ಲಿ ಹೆಚ್ಚಿನವನ್ನು ಒಂದಾದ ಮೇಲೊಂದು ಹಿಡಿಯಬಹುದು. ಆದರೆ ಕೆಲವನ್ನು ಮೊದಲು ಹಿಡಿದರೆ ಉಳಿದವುಗಳ ಬಾಗಿಲು ಮುಚ್ಚಿಕೊಳ್ಳುತ್ತದೆ. ಪತ್ರಿಕೆಯಲ್ಲಿ ಬಂದ ಕಥೆಯನ್ನು ಆಮೇಲೆ ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು. ಫೇಸ್‌ಬುಕ್ಕಿನಲ್ಲಿ ಹಾಕಿದ ಕಥೆಯನ್ನು ಪತ್ರಿಕೆಗೆ ಕೊಡಲಾಗದು. ಆದ್ದರಿಂದ ದಾರಿ ಆರಿಸುವುದೆಂದರೆ ಬಹುಮಟ್ಟಿಗೆ ಸರದಿ ಹಾಕುವುದು.

ಅಳತೆಗೋಲುಗಳು

ಮೊದಲನೆಯದು ಮೇಲೆ ಹೇಳಿದ್ದೇ. ಒಂದು ಕಥೆಗೆ ಮೊದಲ ಪ್ರಕಟಣೆ ಎನ್ನುವುದು ಒಂದೇ ಸಲ. 'ಸ್ವತಂತ್ರ, ಅಪ್ರಕಟಿತ' ಎಂದು ಕೇಳುವ ಕಡೆ ಅದು ಕೈಯಲ್ಲಿರಬೇಕು.

ಎರಡನೆಯದು, ಓದಿದವರು ಯಾರ ಬಳಿ ಉಳಿಯುತ್ತಾರೆ ಎಂಬುದು. ಮಾಸಿಕವೊಂದರಲ್ಲಿ ಸಾವಿರಾರು ಜನ ನಿಮ್ಮ ಕಥೆ ಓದಬಹುದು, ಆದರೆ ಅವರು ಆ ಮಾಸಿಕದ ಓದುಗರು. ಮುಂದಿನ ತಿಂಗಳು ನಿಮ್ಮ ಪುಸ್ತಕ ಬಂತೆಂದು ಅವರಿಗೆ ತಿಳಿಸುವ ದಾರಿ ನಿಮಗಿಲ್ಲ. ನಲವತ್ತೇ ಜನರ ವಿಳಾಸ ನಿಮ್ಮ ಹತ್ತಿರ ಇದ್ದರೆ ಆ ನಲವತ್ತು ಜನ ನಿಮ್ಮವರು. ಈ ವ್ಯತ್ಯಾಸ ಬರೆಯುವ ಹೊತ್ತಿಗೆ ಕಾಣುವುದಿಲ್ಲ, ಪುಸ್ತಕ ಮಾರುವ ಹೊತ್ತಿಗೆ ಕಾಣುತ್ತದೆ.

ಮೂರನೆಯದು ಜರಡಿ. ನಡುವೆ ಸಂಪಾದಕರೊಬ್ಬರು ಕೂತು ಇದು ಸಾಲದು, ಕೊನೆಯ ಪ್ಯಾರಾ ಬೇಡ ಎನ್ನುವ ಏರ್ಪಾಡಿದೆಯೋ ಇಲ್ಲವೋ. ನಾಲ್ಕನೆಯದು ಖರ್ಚು, ಆದಾಯ ಮತ್ತು ಕಾಯುವ ಸಮಯ. ಐದನೆಯದು ಹಕ್ಕು, ಅಂದರೆ ಕೊಟ್ಟ ಕಥೆ ಎಷ್ಟರಮಟ್ಟಿಗೆ ಇನ್ನೂ ನಿಮ್ಮದು. ಕೊನೆಯದು, ಜೊತೆಗಾರರ ಕಥೆಗೂ ಅಲ್ಲಿ ಜಾಗ ಇದೆಯೇ ಎಂಬುದು. ಒಬ್ಬರೇ ನಡೆಯುವವರಿಗೆ ಇದು ಬೇಡ, ಆದರೆ ಒಬ್ಬರೇ ನಡೆದವರು ಕಡಿಮೆ.

ಹಕ್ಕಿನ ಬಗ್ಗೆ ಎಲ್ಲ ದಾರಿಗೂ ಅನ್ವಯಿಸುವ ಮಾತು ಕೆಲವಿದೆ, ಇಲ್ಲೇ ಮುಗಿಸೋಣ. ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರದ್ದು. ಕಥೆ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ನಿಮ್ಮ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಅದು ಉಳಿಯುತ್ತದೆ. ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ವರ್ಷಕ್ಕೆ ಎಂದು ಒಪ್ಪಂದದಲ್ಲಿ ಬರೆಯದಿದ್ದರೆ 5 ವರ್ಷಕ್ಕೆ ಎಂದೇ ಅರ್ಥ; ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬೇರೆ ಷರತ್ತು ಇಲ್ಲದಿದ್ದಾಗ, ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ವರ್ಗಾವಣೆ ತಾನಾಗಿ ಬಿದ್ದುಹೋಗುತ್ತದೆ. 'ಎಲ್ಲ ಮಾಧ್ಯಮಗಳ ಎಲ್ಲ ಹಕ್ಕುಗಳೂ, ಶಾಶ್ವತವಾಗಿ' ಎಂಬ ಒಂದು ಸಾಲಿಗೆ ಸಹಿ ಹಾಕಿದರೆ ಮಾತ್ರ 5 ವರ್ಷದ ಆ ರಕ್ಷಣೆ ಕೈತಪ್ಪುತ್ತದೆ. ಆ ಸಾಲು ಕಂಡರೆ ಪೆನ್ನು ಕೆಳಗಿಡಿ, ಮಾತಾಡಿ.

ಪತ್ರಿಕೆ ಮತ್ತು ಸ್ಪರ್ಧೆ

ಮಯೂರ, ತುಷಾರ, ಕಸ್ತೂರಿಯಂಥ ಮಾಸಿಕಗಳು, ಸುಧಾದಂಥ ವಾರಪತ್ರಿಕೆ, ದಿನಪತ್ರಿಕೆಗಳ ಭಾನುವಾರದ ಪುರವಣಿ, ಯುಗಾದಿ ಮತ್ತು ದೀಪಾವಳಿ ವಿಶೇಷಾಂಕಗಳು: ಕನ್ನಡದ ಸಣ್ಣಕಥೆ ಬೆಳೆದದ್ದು ಬಹುಪಾಲು ಇಲ್ಲೇ. ಖರ್ಚು ಸೊನ್ನೆ. ಜರಡಿ ಇದೆ. ಕಲಾವಿದರೊಬ್ಬರು ನಿಮ್ಮ ಕಥೆ ಓದಿ ಒಂದು ಚಿತ್ರ ಬರೆದುಕೊಡುತ್ತಾರೆ, ಈ ಸಂತೋಷ ಬೇರೆಲ್ಲೂ ಪುಕ್ಕಟೆ ಸಿಗದು. ಗೌರವ ಸಂಭಾವನೆ ಬಂದರೂ ಅದನ್ನು ನಂಬಿ ಬದುಕುವಷ್ಟಿರುವುದಿಲ್ಲ.

ತೊಂದರೆ ಕಾಯುವುದರಲ್ಲಿದೆ. ಸ್ವೀಕೃತವಾಗಿದೆ ಎಂಬ ಉತ್ತರ ತಿಂಗಳುಗಟ್ಟಲೆ ಬಾರದಿರಬಹುದು. ತಿರಸ್ಕೃತವಾಗಿದೆ ಎಂಬ ಉತ್ತರವಂತೂ ಹಲವು ಕಡೆ ಬರುವುದೇ ಇಲ್ಲ, ಮೌನವೇ ಉತ್ತರ. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬಾರದೆಂಬುದು ಇಲ್ಲಿನ ಮರ್ಯಾದೆ. ಹಾಗಾಗಿ ಕಳಿಸುವಾಗಲೇ ಇಷ್ಟು ತಿಂಗಳಲ್ಲಿ ಉತ್ತರ ಬರದಿದ್ದರೆ ಬೇರೆಡೆ ಕಳಿಸುತ್ತೇನೆ ಎಂದು ಒಂದು ಸಾಲು ವಿನಯದಿಂದ ಬರೆಯಿರಿ. ಅದರಿಂದ ಯಾರೂ ಮುನಿಸಿಕೊಳ್ಳುವುದಿಲ್ಲ.

ಸ್ಪರ್ಧೆಗಳ ಲೆಕ್ಕ ಬೇರೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ದಶಕಗಳಿಂದ ನಡೆಯುತ್ತಿದೆ, ಬುಕ್ ಬ್ರಹ್ಮ ಎಂಬ ಸಾಹಿತ್ಯ ಜಾಲತಾಣದವರು ಸ್ವಾತಂತ್ರ್ಯೋತ್ಸವದ ಹೆಸರಿನಲ್ಲಿ ಕಥಾಸ್ಪರ್ಧೆ ನಡೆಸುತ್ತಾರೆ. ಕೊನೆಯ ದಿನಾಂಕ, ಪದಮಿತಿ, ತೀರ್ಪು ಎಲ್ಲ ಮೊದಲೇ ಗೊತ್ತಿರುವುದರಿಂದ ಕಾಯುವುದು ಅಷ್ಟು ಹಿಂಸೆಯಲ್ಲ. ಬಹುಮಾನ ಬಂದರೆ ಮುಂದಿನ ದಾರಿಗಳೆಲ್ಲ ಸಲೀಸು. ಬರದಿದ್ದರೂ ನಷ್ಟವೇನೂ ಇಲ್ಲ, ಕಥೆ ಅಪ್ರಕಟಿತವಾಗಿಯೇ ನಿಮ್ಮ ಬಳಿ ವಾಪಸಾಗುತ್ತದೆ. ಆದರೆ ನಿಯಮಾವಳಿಯ ಕೊನೆಯ ಸಾಲುಗಳನ್ನು ಓದಿ. ಬಹುಮಾನ ಬಾರದ ಕಥೆಯ ಹಕ್ಕನ್ನೂ ಕೇಳುವ ಸ್ಪರ್ಧೆಗಳು ಅಲ್ಲೊಂದು ಇಲ್ಲೊಂದು ಇವೆ.

ಇಲ್ಲಿ ಗೆಳೆಯರ ಕಥೆಗೆ ಜಾಗ ಮಾಡಿಕೊಡುವುದು ನಿಮ್ಮ ಕೈಯಲ್ಲಿಲ್ಲ. ಓದುಗರೂ ನಿಮ್ಮ ಬಳಿ ಉಳಿಯುವುದಿಲ್ಲ. ಕಥೆಯ ಕೊನೆಗೆ ಇಮೇಲ್ ವಿಳಾಸ ಹಾಕಿಸಿ ಎಂದು ಕೇಳಿ. ಹಾಕಿದರೆ ನಾಲ್ಕು ಪತ್ರವಾದರೂ ಬರುತ್ತವೆ, ಆ ನಾಲ್ಕು ಮುಖ್ಯ.

ಅಂತರ್ಜಾಲ ಪತ್ರಿಕೆಗಳು

ಕೆಂಡಸಂಪಿಗೆ, ಅವಧಿ, ಪಂಜು ಮುಂತಾದವು ಮುದ್ರಿತ ಪತ್ರಿಕೆಗೂ ಸ್ವಂತ ಹಂಚಿಕೆಗೂ ನಡುವಿನ ಜಾಗ. ಸಂಪಾದಕರಿದ್ದಾರೆ, ಪುಟಮಿತಿಯ ಕತ್ತರಿ ಇಲ್ಲ, ಬೇಗ ಬರುತ್ತದೆ, ಪ್ರಕಟವಾದ ಕಥೆಯ ಕೊಂಡಿಯನ್ನು ವರ್ಷಗಳಾದ ಮೇಲೂ ಕಳಿಸಬಹುದು. ಅಮೆರಿಕದಲ್ಲೋ ಕೊಲ್ಲಿಯಲ್ಲೋ ಇರುವ ಕನ್ನಡಿಗರಿಗೆ ಮುಟ್ಟಲು ಇದಕ್ಕಿಂತ ಸುಲಭದ್ದಿಲ್ಲ. ದುಡ್ಡು ಸಾಮಾನ್ಯವಾಗಿ ಇಲ್ಲ. ನಾಲ್ಕು ಸಾವಿರ ಪದ ದಾಟಿದ, ಮಾಸಿಕಗಳಲ್ಲಿ ಹಿಡಿಸದ ಕಥೆಗಳಿಗೆ ನಾನು ಮೊದಲು ಸೂಚಿಸುವ ಜಾಗ ಇದು.

ಪ್ರತಿಲಿಪಿ

ಬೆಂಗಳೂರಿನಲ್ಲಿ 2014ರಲ್ಲಿ ಶುರುವಾದ ಈ ವೇದಿಕೆಯ ಬಗ್ಗೆ ಸಾಹಿತ್ಯವಲಯದಲ್ಲಿ ಮೂಗು ಮುರಿಯುವವರು ಬಹಳ. ನನಗೆ ಆ ಮೂಗುಮುರಿತ ಒಪ್ಪಿಗೆಯಿಲ್ಲ. ಕನ್ನಡದಲ್ಲಿ ದಿನವೂ ಕಥೆ ಓದುವ, ಓದಿ ತಕ್ಷಣ ಕೆಳಗೆ ಅಭಿಪ್ರಾಯ ಬರೆಯುವ ಜನ ಇಷ್ಟು ದೊಡ್ಡ ಪ್ರಮಾಣದಲ್ಲಿ ಬೇರೆಲ್ಲಿ ಇದ್ದಾರೆ? ಆದರೆ ಆ ಓದುಗರ ರುಚಿ ಏನೆಂದು ತಿಳಿದು ಹೋಗಬೇಕು. ಅಲ್ಲಿ ಓಡುವುದು ಕಂತುಗಳಲ್ಲಿ ಬರುವ ಪ್ರೇಮಕಥೆ, ಸಂಸಾರದ ಕಥೆ, ದೆವ್ವದ ಕಥೆ, ಪತ್ತೇದಾರಿ. ನೂರು ಕಂತು ದಾಟುವ ಧಾರಾವಾಹಿ ಅಲ್ಲಿ ವಿಶೇಷವಲ್ಲ. ಪ್ರತಿ ಕಂತಿನ ಕೊನೆಗೂ ಒಂದು ಎಳೆ ಉಳಿಸಬೇಕು, ವಾರಕ್ಕೆ ಕೆಲವು ಕಂತಾದರೂ ತಪ್ಪದೆ ಹಾಕಬೇಕು. ಓದುಗರ ಚಂದಾ ಮತ್ತು ವೇದಿಕೆಯೊಳಗಿನ ನಾಣ್ಯಗಳ ಮೂಲಕ ಲೇಖಕರಿಗೆ ಹಣ ಬರುವ ವ್ಯವಸ್ಥೆ ಇದೆ, ಅದು ಸಹ ಈ ಬಗೆಯ ಬರಹಕ್ಕೇ ಹೊಂದುವಂಥದ್ದು.

ನಿಮ್ಮದು ಎರಡು ತಿಂಗಳಿಗೊಂದು ಬಿಡಿ ಕಥೆ, ಅದೂ ಕೊನೆಯಲ್ಲಿ ಏನನ್ನೂ ಬಿಡಿಸಿ ಹೇಳದ ಕಥೆ ಎಂದಾದರೆ ಅಲ್ಲಿ ನಿರಾಶೆ ಖಚಿತ. ಜರಡಿ ಇಲ್ಲ. ಓದುಗರು ವೇದಿಕೆಯವರು, ನಿಮ್ಮ ಹಿಂಬಾಲಕರ ಸಂಖ್ಯೆ ಕಾಣುತ್ತದೆಯೇ ಹೊರತು ವಿಳಾಸ ಕೈಗೆ ಬರುವುದಿಲ್ಲ. ಕಾದಂಬರಿ ಬರೆಯುವವರಿಗೆ ಇದು ಒಳ್ಳೆಯ ಕಸರತ್ತಿನ ಮನೆ. ಸಣ್ಣಕಥೆಗಾರರಿಗೆ, ಬೇರೆಡೆ ಬಂದುಹೋದ ಕಥೆಗಳನ್ನು ಎರಡನೆಯ ಸಲ ಇಡುವ ಕಪಾಟು.

ನಿಮ್ಮದೇ ಓದುಗರಿಗೆ ನೇರವಾಗಿ

ಇದರ ಬಗ್ಗೆ ಕೊಂಚ ಹೆಚ್ಚು ಹೇಳಬೇಕಿದೆ, ಏಕೆಂದರೆ ಜನ ಇದನ್ನು ದಾರಿಯೆಂದೇ ಎಣಿಸುವುದಿಲ್ಲ. ತಿಂಗಳಿಗೊಂದು ಸಲ, ಒಂದು ಹೊಸ ಕಥೆ ಮತ್ತು ಗೆಳೆಯರೊಬ್ಬರ ಒಂದು ಕಥೆ, ನಡುವೆ ನಾಲ್ಕು ಸಾಲು ಮಾತು. ಇಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ, ಬೇಕೆಂದು ಹೇಳಿದವರಿಗೆ ಮಾತ್ರ. ಖರ್ಚಿಲ್ಲ, ಕಾಯುವುದಿಲ್ಲ, ಓದುಗರು ನಿಮ್ಮವರು, ಗೆಳೆಯರ ಕಥೆಗೆ ಜಾಗ ನಿಮ್ಮ ಇಷ್ಟ.

ವಾಟ್ಸ್‌ಆ್ಯಪ್‌ನಲ್ಲಿ ಮೂರು ಬಗೆ ಇವೆ, ಮೂರೂ ಬೇರೆ. ಗುಂಪು ಮಾಡಿದರೆ ಎರಡೇ ದಿನಕ್ಕೆ ಶುಭೋದಯದ ಹೂಗಳು ಬರತೊಡಗುತ್ತವೆ, ಕಥೆ ಮುಳುಗುತ್ತದೆ. ಅಡ್ಮಿನ್ ಮಾತ್ರ ಬರೆಯುವಂತೆ ಬೀಗ ಹಾಕಿದರೆ ಸರಿ, ಆದರೂ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ ಇದು ಇಷ್ಟವಾಗುವುದಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಂದಕ್ಕೆ 256 ಜನರ ಮಿತಿ, ಜೊತೆಗೆ ನಿಮ್ಮ ನಂಬರನ್ನು ಅವರು ಫೋನಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ ತಲುಪುತ್ತದೆ. ಆದರೆ ಉತ್ತರ ನಿಮಗೊಬ್ಬರಿಗೇ ಖಾಸಗಿಯಾಗಿ ಬರುತ್ತದೆ, ಕಥೆಗಾರರಿಗೆ ಬೇಕಾದ್ದು ಅದೇ. 2023ರಿಂದ ಇರುವ ಚಾನೆಲ್‌ನಲ್ಲಿ ನಂಬರುಗಳು ಪರಸ್ಪರ ಕಾಣುವುದಿಲ್ಲ, ಮಿತಿಯೂ ಇಲ್ಲ, ಆದರೆ ಓದಿದವರು ನಿಮಗೆ ಉತ್ತರ ಬರೆಯಲಾಗದು. ಮೊದಲ ಇನ್ನೂರು ಓದುಗರವರೆಗೆ ಬ್ರಾಡ್‌ಕಾಸ್ಟ್, ಆಮೇಲೆ ಇಮೇಲ್ ಎಂಬುದು ನನ್ನ ಸಲಹೆ.

ದೊಡ್ಡ ಅಪಾಯವೊಂದಿದೆ. ಕಥೆಯನ್ನು ಸಂದೇಶವಾಗಿ ಅಂಟಿಸಿದರೆ ಮೂರನೆಯ ಕೈಗೆ ಹೋಗುವಷ್ಟರಲ್ಲಿ ನಿಮ್ಮ ಹೆಸರು ಉದುರಿ 'ಕೃಪೆ: ವಾಟ್ಸ್‌ಆ್ಯಪ್' ಎಂದಾಗಿರುತ್ತದೆ. ಆರು ತಿಂಗಳ ನಂತರ ಅದೇ ಕಥೆ ನಿಮಗೇ ಫಾರ್ವರ್ಡ್ ಆಗಿ ಬರುತ್ತದೆ, ಕೊನೆಯಲ್ಲಿ ಯಾರೋ ಒಂದು ನೀತಿಯನ್ನೂ ಸೇರಿಸಿರುತ್ತಾರೆ. ಪಿಡಿಎಫ್ ಮಾಡಿ, ಪ್ರತಿ ಪುಟದ ನೆತ್ತಿಯಲ್ಲೂ ಹೆಸರು ಹಾಕಿ ಕಳಿಸಿ. ಕದಿಯುವವರನ್ನು ಅದು ತಡೆಯುವುದಿಲ್ಲ, ಮರೆಗುಳಿಗಳನ್ನು ತಡೆಯುತ್ತದೆ.

ಮತ್ತೆ ಮೊದಲ ಅಳತೆಗೋಲು: ಹೀಗೆ ಹಂಚಿದ್ದನ್ನು ಪ್ರಕಟಿತ ಎಂದೇ ಸ್ಪರ್ಧೆಗಳು ಪರಿಗಣಿಸುವ ಸಂಭವ ಹೆಚ್ಚು. ಆದ್ದರಿಂದ ನಿಮ್ಮ ಅತ್ಯುತ್ತಮ ಹೊಸ ಕಥೆಯನ್ನು ಮೊದಲು ಇಲ್ಲಿಗೆ ಹಾಕಬೇಡಿ. ಪತ್ರಿಕೆಯಲ್ಲಿ ಬಂದದ್ದು, ತೀರಾ ಸಣ್ಣದು, ಪ್ರಯೋಗದ್ದು, ಗೆಳೆಯರು ಈಗಾಗಲೇ ಪ್ರಕಟಿಸಿದ್ದು ಇಲ್ಲಿಗೆ ಹೊಂದುತ್ತದೆ.

ಇದನ್ನೇ ಅಚ್ಚು ಹಾಕಿ ಸಣ್ಣ ಪತ್ರಿಕೆ ಮಾಡುವ ಆಸೆ ಕೆಲವರಿಗೆ. ಕನ್ನಡದಲ್ಲಿ ಅದಕ್ಕೆ ದೊಡ್ಡ ಪರಂಪರೆಯೇ ಇದೆ, ಗೋಪಾಲಕೃಷ್ಣ ಅಡಿಗರ 'ಸಾಕ್ಷಿ'ಯಿಂದ ವಿವೇಕ ಶಾನಭಾಗರ 'ದೇಶ ಕಾಲ'ದವರೆಗೆ. ನಿಂತುಹೋದ ಪತ್ರಿಕೆಗಳ ಪಟ್ಟಿಯೂ ಅಷ್ಟೇ ಉದ್ದ. ನಿಯತಕಾಲಿಕ ಎಂದಾದರೆ ನೋಂದಣಿಯ ಪ್ರಶ್ನೆ ಏಳುತ್ತದೆ. 1867ರ ಹಳೆಯ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ ಬಂದಿದೆ. 'ಖಾಸಗಿ ಪ್ರಸಾರಕ್ಕೆ' ಎಂದು ಅಚ್ಚು ಹಾಕಿಕೊಂಡು ನಡೆಸುವವರಿದ್ದಾರೆ, ಆದರೆ ವರ್ಷಕ್ಕೊಂದು ಪುಸ್ತಕವಾಗಿ ತರುವುದು ಎಲ್ಲ ರೀತಿಯಿಂದಲೂ ಹಗುರ.

ಇ-ಪುಸ್ತಕ

ಚುಟುಕಾಗಿ ಮುಗಿಸುತ್ತೇನೆ. ಅಮೆಜಾನ್ 2016ರಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಆ ಕೊರತೆಯ ನಡುವೆ ಕನ್ನಡದ್ದೇ ಆದ ಮೈಲ್ಯಾಂಗ್ ಬಂತು, ಇ-ಪುಸ್ತಕ ಮತ್ತು ಕೇಳುಪುಸ್ತಕ ಎರಡನ್ನೂ ಮಾರುತ್ತದೆ. ಹೊರದೇಶದ ಓದುಗರಿಗೆ ಅಂಚೆವೆಚ್ಚ ಪುಸ್ತಕದ ಬೆಲೆಯನ್ನು ಮೀರುವುದರಿಂದ ಅವರಿಗೆ ಇದೇ ಸರಿ. ಆದರೆ ಹೆಸರು ಕೇಳಿರದ ಹೊಸಬರ ಕಥಾಸಂಕಲನವನ್ನು ಮೊದಲು ಇ-ಪುಸ್ತಕವಾಗಿ ತಂದರೆ ಅದನ್ನು ಹುಡುಕಿ ಕೊಳ್ಳುವವರು ಯಾರು? ಅಚ್ಚಾದ ಪುಸ್ತಕದ ಜೊತೆಗೆ ಇರಲಿ, ಅದರ ಬದಲಿಗೆ ಬೇಡ.

ಪುಸ್ತಕ: ಮೂರು ಬಗೆ

ಒಂದು, ಪ್ರಕಾಶಕರ ಮೂಲಕ. ರಾಯಧನ ಮುಖಬೆಲೆಯ ಶೇ 10 ಎಂಬುದು ವಾಡಿಕೆ. ಹಣದ ಬದಲು ಪ್ರತಿಗಳನ್ನೇ ಕೊಡುವುದೂ ವಾಡಿಕೆಯೇ. ನಿಮ್ಮ ಖರ್ಚಿಲ್ಲ, ಅಂಗಡಿಗಳಿಗೆ ತಲುಪುವ ಜಾಲ ಅವರದ್ದು. ಹೊಸಬರ ಕಥಾಸಂಕಲನಕ್ಕೆ ಒಪ್ಪುವವರು ಕಡಿಮೆ. ಮೊದಲ ಸಂಕಲನದ ಹಸ್ತಪ್ರತಿಗೆ ಸ್ಪರ್ಧೆ ನಡೆಸಿ ಗೆದ್ದದ್ದನ್ನು ಪ್ರಕಟಿಸುವ ಛಂದ ಪುಸ್ತಕದಂಥವು ಇಂಥವರ ಮೊದಲ ಪ್ರಯತ್ನವಾಗಬೇಕು. ಅದನ್ನು ಕಟ್ಟಿದವರು ಕಥೆಗಾರ ವಸುಧೇಂದ್ರ. ತಮ್ಮ ಪುಸ್ತಕಗಳ ಜೊತೆಗೇ ಹೊಸಬರದ್ದನ್ನೂ ತಂದರು. ಸ್ವತಂತ್ರವಾಗಿ ಬರೆಯುತ್ತ ಜೊತೆಗಾರರನ್ನೂ ಕರೆದೊಯ್ಯುವುದು ಎಂದರೆ ಏನೆಂದು ನೋಡಬೇಕಿದ್ದರೆ ಉದಾಹರಣೆ ಅಲ್ಲಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸುತ್ತದೆ. ವಯಸ್ಸಿನ ಮಿತಿ ಮತ್ತು ಷರತ್ತುಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಎರಡು, ಬೇಡಿಕೆಗೆ ತಕ್ಕಂತೆ ಮುದ್ರಣ. ಬೆಂಗಳೂರಿನ ಪೋಥಿ, ಚೆನ್ನೈನ ನೋಷನ್ ಪ್ರೆಸ್ ಇಂಥ ಸೇವೆ ಕೊಡುತ್ತವೆ. ಪಿಡಿಎಫ್ ಕೊಟ್ಟರೆ ಯಾರಾದರೂ ಕೊಂಡಾಗ ಒಂದು ಪ್ರತಿ ಅಚ್ಚಾಗಿ ಹೋಗುತ್ತದೆ. ಮನೆಯಲ್ಲಿ ಕಟ್ಟುಗಳು ಬೀಳುವುದಿಲ್ಲ, ಕೈಯಿಂದ ದೊಡ್ಡ ಮೊತ್ತ ಹಾಕಬೇಕಿಲ್ಲ. ಆದರೆ ಪ್ರತಿಯೊಂದರ ಮುದ್ರಣವೆಚ್ಚ ಹೆಚ್ಚು, ಹಾಗಾಗಿ ಬೆಲೆಯೂ ಹೆಚ್ಚು. ಮಾಮೂಲಿ ಬೆಲೆಯ ಕಥಾಸಂಕಲನಕ್ಕೆ ಒಗ್ಗಿದ ಓದುಗ ಇದನ್ನು ಕಂಡು ಹಿಂಜರಿಯುತ್ತಾನೆ. ಊರೂರಲ್ಲಿ ಚದುರಿದ ಐವತ್ತು ಓದುಗರಿಗೆ ಇದು ಸರಿ.

ಮೂರು, ನೀವೇ ಅಚ್ಚು ಹಾಕಿಸುವುದು. ಇದರ ಲೆಕ್ಕವನ್ನು ಕುಳಿತು ಮಾಡೋಣ. ಕನ್ನಡದ ಕಥಾಸಂಕಲನ ಸಾಮಾನ್ಯವಾಗಿ 1/8 ಡೆಮಿ ಆಕಾರದ್ದು, ಮ್ಯಾಪ್ಲಿಥೋ ಕಾಗದದ್ದು. ಪುಟಗಳು ಫಾರಂಗಳಲ್ಲಿ, ಅಂದರೆ 16 ಪುಟದ ಕಂತೆಗಳಲ್ಲಿ ಎಣಿಕೆಯಾಗುತ್ತವೆ. ನಿಮ್ಮ ಪುಸ್ತಕ 130 ಪುಟಕ್ಕೆ ನಿಂತರೆ ಎರಡು ಪುಟ ಕತ್ತರಿಸಿ 128ಕ್ಕೆ, ಅಂದರೆ 8 ಫಾರಂಗೆ ತನ್ನಿ. ಈಗ 300 ಪ್ರತಿ, ಒಂದಕ್ಕೆ 80 ರೂಪಾಯಿ ಮುದ್ರಣವೆಚ್ಚ ಎಂದಿಟ್ಟುಕೊಳ್ಳಿ: 24,000. ಡಿಟಿಪಿ ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟಿದವರಿಗೆ, ಕರಡು ತಿದ್ದಿದವರಿಗೆ, ಮುಖಪುಟ ಕಲಾವಿದರಿಗೆ ಒಟ್ಟು 12,000 ಎಂದಿಟ್ಟುಕೊಳ್ಳಿ. ಒಟ್ಟು 36,000. ಮುಖಬೆಲೆ 180 ರೂಪಾಯಿ ಇಟ್ಟಿರಿ. ಅಂಗಡಿಯವರಿಗೆ ಶೇ 40 ಬಿಟ್ಟರೆ ಪ್ರತಿಗೆ 108 ನಿಮ್ಮ ಕೈಗೆ. ಮುನ್ನೂರೂ ಪ್ರತಿ ಅಂಗಡಿಯಲ್ಲೇ ಮಾರಾಟವಾದರೂ ಬರುವುದು 32,400. ಅಂದರೆ ಪುಸ್ತಕ ಪೂರ್ತಿ ಖಾಲಿಯಾಗಿಯೂ 3,600 ನಷ್ಟ. ಅದೇ ಪುಸ್ತಕವನ್ನು ಅಂಚೆವೆಚ್ಚ ಬೇರೆ ಪಡೆದು ಓದುಗರಿಗೆ ನೇರ ಮಾರಿದರೆ 200 ಪ್ರತಿಗೆ ಹಾಕಿದ ದುಡ್ಡು ವಾಪಸು. ನಿಮ್ಮೂರಿನ ಮುದ್ರಣಾಲಯದ ದರ ಬೇರೆ ಇರಬಹುದು, ಅಂಕಿ ಬದಲಿಸಿ ನೋಡಿ. ಉತ್ತರದ ಸ್ವರೂಪ ಬಹಳ ಬದಲಾಗದು.

ಇಲ್ಲಿ ಆ ಇನ್ನೂರು ವಿಳಾಸಗಳ ಬೆಲೆ ತಿಳಿಯುತ್ತದೆ. ಪಟ್ಟಿ ಮೊದಲು, ಪುಸ್ತಕ ಆಮೇಲೆ. ಇದೇನೂ ಹೊಸ ವಿದ್ಯೆಯಲ್ಲ. ಓದುಗರಿಂದ ಚಂದಾ ಪಡೆದು ಪುಸ್ತಕ ಕೊಡುವ ಮನೋಹರ ಗ್ರಂಥಮಾಲೆ ಧಾರವಾಡದಲ್ಲಿ 1933ರಲ್ಲೇ ಶುರುವಾಯಿತು. ಅದಕ್ಕೂ ಮೊದಲೇ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ನಮಗೆ ಯುಪಿಐ ಇದೆ, ಪ್ರಕಟಣಾಪೂರ್ವ ರಿಯಾಯಿತಿ ಎಂದು ಒಂದು ಕ್ಯೂಆರ್ ಕೋಡ್ ಕಳಿಸಿದರೆ ಅಚ್ಚಿಗೆ ಹೋಗುವ ಮೊದಲೇ ಎಷ್ಟು ಪ್ರತಿ ಬೇಕೆಂದು ತಿಳಿಯುತ್ತದೆ.

ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿ ಸಾವಿರ ಪ್ರತಿ ಅಚ್ಚು ಹಾಕಿಸಬೇಡಿ. ಆಯ್ಕೆಯಾದರೆ ಸಂತೋಷ. ಆದರೆ ಆಯ್ಕೆ ಯಾವಾಗ, ಹಣ ಯಾವಾಗ ಎಂಬುದನ್ನು ದೊಡ್ಡ ಪ್ರಕಾಶಕರೇ ಹೇಳಲಾರರು. ಬಿಡುಗಡೆ ಸಮಾರಂಭದ ಖರ್ಚನ್ನೂ ಮೊದಲೇ ಕಟ್ಟಿಹಾಕಿ. ಸಭಾಂಗಣ, ಉಪ್ಪಿಟ್ಟು, ಶಾಲು, ಹಣ್ಣಿನ ಬುಟ್ಟಿ ಸೇರಿ ಎರಡು ಫಾರಂ ಮುದ್ರಣದ ದುಡ್ಡು ಅಲ್ಲೇ ಕರಗುತ್ತದೆ, ಬಂದವರಲ್ಲಿ ಅರ್ಧದಷ್ಟು ಜನ ಗೌರವಪ್ರತಿ ನಿರೀಕ್ಷಿಸುತ್ತಾರೆ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಭಾರತದಲ್ಲಿ ಶುಲ್ಕವಿಲ್ಲ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಗೆ ಆನ್‌ಲೈನ್ ಅರ್ಜಿ ಹಾಕಿದರೆ ಸಾಕು, ಲೇಖಕರೇ ಪ್ರಕಾಶಕರಾಗಿಯೂ ಪಡೆಯಬಹುದು. ಅದನ್ನು ದುಡ್ಡಿಗೆ ಮಾರುವವರು ಕಂಡರೆ ನಗುತ್ತ ಬೇಡವೆನ್ನಿ. ಇನ್ನೊಂದು ವಿಷಯ, ಮುದ್ರಣಾಲಯದ್ದು. ನೀವು ಯೂನಿಕೋಡ್‌ನಲ್ಲಿ ಬರೆದಿರುತ್ತೀರಿ, ಡಿಟಿಪಿಯವರು ಇನ್ನೂ ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟಿನಲ್ಲಿ ಪುಟ ಕಟ್ಟುತ್ತಿರಬಹುದು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳು ಕೈಕೊಡುತ್ತವೆ. ಕೊನೆಯ ಕರಡನ್ನು ಪರದೆಯ ಮೇಲೆ ನೋಡಬೇಡಿ, ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಕಥೆ ಓದಿರದ ಒಬ್ಬರಿಂದ ಓದಿಸಿ.

ನಾಲ್ಕು ಜನ ಸೇರಿದರೆ

ಒಬ್ಬರ ಎಂಟು ಕಥೆಯ ಪುಸ್ತಕಕ್ಕೂ ನಾಲ್ವರ ತಲಾ ಎರಡು ಕಥೆಯ ಪುಸ್ತಕಕ್ಕೂ ಮುದ್ರಣವೆಚ್ಚ ಒಂದೇ. ಖರ್ಚು ನಾಲ್ಕು ಪಾಲಾಗುತ್ತದೆ, ಓದುಗರ ಪಟ್ಟಿ ನಾಲ್ಕು ಕೂಡುತ್ತದೆ. ಮೇಲಿನ ಲೆಕ್ಕದ ಪ್ರಕಾರ ತಲಾ 9,000 ರೂಪಾಯಿ, ತಲಾ 50 ನೇರ ಓದುಗರು. ಹೊಸಬರಿಗೆ ಇದು ನಿಲುಕುವ ಗುರಿ. ಬದಲಿಗೆ ಬಿಟ್ಟುಕೊಡುವುದೇನು? ಮುಖಪುಟದ ಮೇಲೆ ನಿಮ್ಮೊಬ್ಬರದೇ ಹೆಸರಿರುವುದಿಲ್ಲ. ಮೊದಲ ಸಂಕಲನಕ್ಕೆಂದೇ ಇರುವ ಪ್ರಶಸ್ತಿ, ಪ್ರೋತ್ಸಾಹಧನಗಳಿಗೆ ಇಂಥ ಪುಸ್ತಕ ಲೆಕ್ಕಕ್ಕೆ ಬಾರದು. ಇದರಿಂದ ಒಂದು ಅನುಕೂಲವೂ ಇದೆ, ನಿಮ್ಮ ಚೊಚ್ಚಲ ಸಂಕಲನದ ಅವಕಾಶ ಹಾಗೆಯೇ ಉಳಿಯುತ್ತದೆ.

ಇದರ ವೇಷದಲ್ಲಿ ಇನ್ನೊಂದು ಓಡಾಡುತ್ತಿದೆ: ನಿಮ್ಮ ಕಥೆ ಆಯ್ಕೆಯಾಗಿದೆ, ಇಷ್ಟು ಹಣ ಕಳಿಸಿ, ಪ್ರಮಾಣಪತ್ರ ಮತ್ತು ಎರಡು ಪ್ರತಿ ಕೊಡುತ್ತೇವೆ ಎನ್ನುವ ಸಂಕಲನಗಳು. ಐವತ್ತು ಜನರ ಐವತ್ತು ಕಥೆ, ಓದುವವರು ಆ ಐವತ್ತು ಜನವೇ, ಅವರೂ ತಮ್ಮದನ್ನು ಮಾತ್ರ. ಆಯ್ಕೆ ಎಂಬುದು ಅಲ್ಲಿ ನಡೆದೇ ಇರುವುದಿಲ್ಲ. ಅದಕ್ಕೆ ಕೊಡುವ ಹಣದಲ್ಲಿ ಒಳ್ಳೆಯ ಕರಡು ತಿದ್ದುವವರೊಬ್ಬರು ಸಿಗುತ್ತಾರೆ.

ಯಾರಿಗೆ ಯಾವುದು

ಕೈಯಲ್ಲಿರುವುದು ಎರಡೋ ಮೂರೋ ಕಥೆ, ಖರ್ಚಿಗೆ ಏನೂ ಇಲ್ಲ ಎಂದಾದರೆ: ಒಂದನ್ನು ಸ್ಪರ್ಧೆಗೆ, ಒಂದನ್ನು ಮಾಸಿಕಕ್ಕೆ ಕಳಿಸಿ. ಉದ್ದದ್ದಿದ್ದರೆ ಅಂತರ್ಜಾಲ ಪತ್ರಿಕೆಗೆ. ಈ ನಡುವೆ ಗೆಳೆಯರ ಪ್ರಕಟಿತ ಕಥೆಗಳನ್ನು, ಅವರ ಒಪ್ಪಿಗೆ ಪಡೆದು, ನಿಮ್ಮ ಓದುಗರ ಪಟ್ಟಿಗೆ ಹಂಚಲು ಈಗಲೇ ಶುರುಮಾಡಿ. ಸ್ವಂತದ್ದನ್ನು ಹಂಚಲು ಏನೂ ಇಲ್ಲದ ತಿಂಗಳಲ್ಲೇ ಪಟ್ಟಿ ಬೆಳೆಸಲು ಇದು ಸಹಾಯಕ.

ಧಾರಾವಾಹಿ ಬರೆಯುವ ಉತ್ಸಾಹ, ದಿನಕ್ಕೊಂದು ಗಂಟೆ ಬಿಡುವು ಇದ್ದರೆ ಪ್ರತಿಲಿಪಿ. ಅಲ್ಲಿ ಓದುಗರು ಹೆಚ್ಚಿದ ಮೇಲೆ, ಮುಗಿದ ಕಾದಂಬರಿಯನ್ನು ತಿದ್ದಿ ಪುಸ್ತಕ ಮಾಡುವುದು ಎರಡನೆಯ ಹೆಜ್ಜೆ.

ಹತ್ತು ಹನ್ನೆರಡು ಕಥೆ ಇವೆ, ಅರ್ಧದಷ್ಟು ಪ್ರಕಟವಾಗಿವೆ, ಕೈಯಲ್ಲಿ ಒಂದಿಷ್ಟು ಹಣವೂ ಇದೆ ಎನ್ನುವವರು ಆ ಹಣವನ್ನು ಒಂದು ವರ್ಷ ಮುಟ್ಟಬೇಡಿ. ಆ ವರ್ಷದಲ್ಲಿ ಹಸ್ತಪ್ರತಿ ಸ್ಪರ್ಧೆಗೆ ಮತ್ತು ಇಬ್ಬರು ಪ್ರಕಾಶಕರಿಗೆ ಒಬ್ಬರಾದ ಮೇಲೊಬ್ಬರಿಗೆ ಕಳಿಸಿ. ಎಲ್ಲೂ ಆಗದಿದ್ದರೆ ಪ್ರಕಟಣಾಪೂರ್ವ ಬೇಡಿಕೆ ಕೇಳಿ ನೋಡಿ. ನೂರು ದಾಟಿದರೆ ನೀವೇ ಅಚ್ಚು ಹಾಕಿಸಿ, ಐವತ್ತಕ್ಕೆ ನಿಂತರೆ ಬೇಡಿಕೆಗೆ ತಕ್ಕ ಮುದ್ರಣ.

ಹೊರದೇಶದಲ್ಲಿದ್ದು ಬರೆಯುವವರಿಗೆ ಅಂತರ್ಜಾಲ ಪತ್ರಿಕೆ ಮತ್ತು ಇಮೇಲ್ ಪಟ್ಟಿ ಮುಖ್ಯ, ಅಲ್ಲಿನ ಕನ್ನಡ ಕೂಟಗಳ ಸ್ಮರಣ ಸಂಚಿಕೆಗಳೂ ಕಥೆ ಕೇಳುತ್ತವೆ. ಪುಸ್ತಕ ಮಾಡುವುದಾದರೆ ಅಚ್ಚು ಇಲ್ಲಿ, ಇ-ಪುಸ್ತಕ ಅಲ್ಲಿಗೆ.

ನಾಲ್ಕು ಜನ ಸೇರಿ ಮಾಡುವವರು ಮೊದಲ ಕಥೆಯನ್ನು ಡಿಟಿಪಿಗೆ ಕೊಡುವ ಮುಂಚೆ ಒಂದು ಹಾಳೆಯ ಮೇಲೆ ಒಪ್ಪಂದ ಬರೆದು ನಾಲ್ವರೂ ಸಹಿ ಹಾಕಿ. ಪ್ರತಿ ಕಥೆಯ ಹಕ್ಕು ಬರೆದವರದ್ದೇ, ಈ ಸಂಕಲನದಲ್ಲಿ ಅಚ್ಚು ಹಾಕಲು ಮಾತ್ರ ಅನುಮತಿ, ಅದೂ ಇಷ್ಟು ವರ್ಷಕ್ಕೆ. ಇ-ಪುಸ್ತಕಕ್ಕೆ ಅನುಮತಿ ಇದೆಯೋ ಇಲ್ಲವೋ. ಒಬ್ಬರ ಕಥೆಯನ್ನು ಇನ್ನೊಬ್ಬರು ತಿದ್ದಬಹುದೇ, ಕೊನೆಯ ಮಾತು ಯಾರದ್ದು. ಕಥೆಗಳ ಅನುಕ್ರಮ ಹೇಗೆ. ಅಕಾರಾದಿ ಕ್ರಮವಾದರೆ ಜಗಳವಿಲ್ಲ. ಐಎಸ್‌ಬಿಎನ್ ಯಾರ ಹೆಸರಿನಲ್ಲಿ, ಯುಪಿಐ ಹಣ ಯಾರ ಖಾತೆಗೆ, ಲೆಕ್ಕ ತೋರಿಸುವುದು ಎಷ್ಟು ತಿಂಗಳಿಗೊಮ್ಮೆ. ಮಾರಾಟವಾಗದೆ ಉಳಿದ ಪ್ರತಿಗಳ ಕಟ್ಟು ಯಾರ ಮನೆಯಲ್ಲಿರಬೇಕು ಎಂಬುದನ್ನೂ ಆ ಹಾಳೆಯಲ್ಲೇ ಬರೆದುಬಿಡಿ.